ಕೈ ಬಿಗಿ ಇರುವಾಗ ಮನೆ ಕಂದಾಯ ಕಟ್ಟುವುದು ಹೇಗೆ?

ಏಪ್ರಿಲ್ ಬಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಖರ್ಚುಗಳೆಲ್ಲ ಒಟ್ಟಿಗೇ ಬರುತ್ತವೆ. ಹಬ್ಬದ ಖರ್ಚಿನಿಂದ ಇನ್ನೂ ಸುಧಾರಿಸಿಕೊಂಡಿರುವುದಿಲ್ಲ. ಮಕ್ಕಳ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮು ಎದುರಿಗೇ ಇರುತ್ತವೆ. ಅದೇ ಹೊತ್ತಿಗೆ ಮನೆ ಕಂದಾಯ. ‘ಈ ತಿಂಗಳೇ ಕಟ್ಟಿದರೆ ಶೇ 5 ರಿಯಾಯಿತಿ’ ಅನ್ನುವುದನ್ನು ನೋಡಿ ಕೆಲವರು ಕೈಸಾಲ ಮಾಡಿ ಕಟ್ಟುತ್ತಾರೆ. ಇನ್ನು ಕೆಲವರು ಪೂರ್ತಿ ದುಡ್ಡಿಲ್ಲ ಅಂತ ಕಟ್ಟುವುದನ್ನೇ ಮುಂದೂಡುತ್ತಾರೆ. ಮುಂದೂಡಿದ್ದು ವರ್ಷ ದಾಟುತ್ತದೆ. ಎರಡೂ ಬೇಡ. ರಿಯಾಯಿತಿ ತಪ್ಪಿದರೆ ಚಿಂತೆಯಿಲ್ಲ, ಆದರೆ ಬಾಕಿ ಮಾರ್ಚ್ 31 ದಾಟಬಾರದು. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದು ಲೆಕ್ಕಾಚಾರ ಅಷ್ಟೆ.

ದುಡ್ಡು ಹೊಂದಿಸುವ ಮೊದಲು ಬಿಲ್ ಓದಿ

ಎಷ್ಟೋ ಮನೆಗಳಲ್ಲಿ ಹೋದ ವರ್ಷದ ಮೊತ್ತವನ್ನೇ ಈ ವರ್ಷವೂ ಕಣ್ಣು ಮುಚ್ಚಿ ಕಟ್ಟುತ್ತಾರೆ. ಉಳಿತಾಯ ಸಿಗುವುದು ಇಲ್ಲೇ. ಹಾಗಾಗಿ ಈ ಹಂತಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ.

ಬೆಂಗಳೂರಿನಲ್ಲಿ 2008-09ರಿಂದ ಇರುವುದು ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ. ಊರನ್ನು ಎ ಯಿಂದ ಎಫ್ ವರೆಗೆ ಆರು ವಲಯ ಮಾಡಿದ್ದಾರೆ. ನಿಮ್ಮ ವಲಯದ ಚದರಡಿ ದರವನ್ನು ಮನೆಯ ವಿಸ್ತೀರ್ಣದಿಂದ ಗುಣಿಸಬೇಕು. ಅದನ್ನು 10 ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು. ಉಳಿದ ಮೊತ್ತಕ್ಕೆ ವಾಸದ ಮನೆಯಾದರೆ ಶೇ 20 ತೆರಿಗೆ. ಅದರ ಮೇಲೆ ಸೆಸ್, ಅಂದರೆ ತೆರಿಗೆಯ ಮೇಲಿನ ಹೆಚ್ಚುವರಿ ಕರ. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಇದೇ ಬಿಲ್‌ಗೆ ಸೇರಿದೆ. 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 1,000 ಚದರಡಿವರೆಗೆ 50, 2,000ದವರೆಗೆ 100. ಹಿಂದಿಗಿಂತ ಬಿಲ್ ಏರಿದ್ದರೆ ಮೊದಲು ಈ ಸಾಲನ್ನು ನೋಡಿ.

ಮುಖ್ಯವಾದ ವಿಷಯ ಬಾಡಿಗೆಯದು. ಬಾಡಿಗೆಗೆ ಕೊಟ್ಟ ಭಾಗದ ದರ, ಮನೆಯವರೇ ಇರುವ ಭಾಗದ ದರದ ಸುಮಾರು ಎರಡರಷ್ಟು. ಮಹಡಿ ಮನೆಯ ಬಾಡಿಗೆದಾರರು ಖಾಲಿ ಮಾಡಿ, ಈಗ ಅಲ್ಲಿ ಮಗ ಸೊಸೆ ಇದ್ದಾರೆ ಅಂದುಕೊಳ್ಳಿ. ನೀವು ಪ್ರತಿ ವರ್ಷದಂತೆ ‘ಬದಲಾವಣೆ ಇಲ್ಲ’ ಅನ್ನುವ ಫಾರಂ 4ರಲ್ಲೇ ಕಟ್ಟಿದರೆ ಆ ಭಾಗಕ್ಕೆ ಸುಮ್ನೆ ಎರಡು ಪಟ್ಟು ಹೋಗುತ್ತದೆ. ವಿಸ್ತೀರ್ಣವೋ ಬಳಕೆಯೋ ಬದಲಾದಾಗ ತುಂಬಬೇಕಾದದ್ದು ಫಾರಂ 5.

ಹಾಗಂತ ಬಾಡಿಗೆ ಮನೆಯನ್ನು ಸ್ವಂತ ವಾಸ ಅಂತ ತೋರಿಸಿ ಉಳಿಸಲು ಹೋಗಬೇಡಿ. ಕಡಿಮೆ ದರದ ವಲಯ ತೋರಿಸಿ ಕಟ್ಟಿದವರಿಗೆ 2021ರಲ್ಲಿ ಹಿಂದಿನ ವರ್ಷಗಳ ವ್ಯತ್ಯಾಸ ಕಟ್ಟಿ ಅಂತ ನೋಟಿಸ್ ಬಂದಿತ್ತು. ಆ ದುಡ್ಡು ಒಂದೇ ಸಲ ಹೊಂದಿಸಬೇಕಾದ ಮನೆಗಳ ಕಷ್ಟ ದೊಡ್ಡದು.

ಮನೆಯಲ್ಲಿ ಮಾಜಿ ಸೈನಿಕರೋ, ತೀರಿಹೋದ ಸೈನಿಕರ ಕುಟುಂಬದವರೋ ಇದ್ದು, ಮನೆ ಅವರ ಹೆಸರಿನಲ್ಲಿದ್ದು ಅವರೇ ವಾಸವಿದ್ದರೆ ತೆರಿಗೆಯಲ್ಲಿ ಅರ್ಧ ರಿಯಾಯಿತಿ ಇದೆ. ದಾಖಲೆ ಹಿಡಿದುಕೊಂಡು ಎಆರ್‌ಒ (ಸಹಾಯಕ ಕಂದಾಯ ಅಧಿಕಾರಿ) ಕಚೇರಿಗೆ ಹೋಗಿ ಕೇಳಿ.

ರಿಯಾಯಿತಿಗಾಗಿ ಸಾಲ ಮಾಡಬೇಕೇ?

ವರ್ಷದ ಬಿಲ್ 9,600 ರೂಪಾಯಿ ಅಂತಿಟ್ಟುಕೊಳ್ಳಿ. ಶೇ 5 ರಿಯಾಯಿತಿ ಅಂದರೆ ಹೆಚ್ಚೆಂದರೆ 480 ರೂಪಾಯಿ. ಇದು ಸಿಗುವುದು ಇಡೀ ವರ್ಷದ್ದನ್ನು ಒಂದೇ ಸಲ ಕಟ್ಟಿದವರಿಗೆ. ನಿಮ್ಮ ಬಳಿ ಅರ್ಧ ಮಾತ್ರ ಇದೆ. ಉಳಿದ 4,800ಕ್ಕೆ ನೂರಕ್ಕೆ ಮೂರು ಬಡ್ಡಿಯಂತೆ ಕೈಸಾಲ ತಂದರೆ ತಿಂಗಳಿಗೆ 144 ರೂಪಾಯಿ ಬಡ್ಡಿ. ಆರು ತಿಂಗಳಿಗೆ 864. ಉಳಿಸಿದ್ದು 480, ಕಳೆದುಕೊಂಡದ್ದು 864!

ಚಿನ್ನದ ಸಾಲದಲ್ಲಿ ನೂರಕ್ಕೆ ಒಂದು ಅಂತ ಹಿಡಿದರೆ ಆರು ತಿಂಗಳ ಬಡ್ಡಿ 288. ಲಾಭ ಇದೆ ಅನಿಸುತ್ತದೆ. ಆದರೆ ಒಡವೆ ತೂಕ ಹಾಕಿ ಬೆಲೆ ಕಟ್ಟುವ ಶುಲ್ಕ, ಬ್ಯಾಂಕಿಗೆ ಓಡಾಟ ಎಲ್ಲ ಸೇರಿದರೆ ಉಳಿಯುವುದು ಅಷ್ಟರಲ್ಲೇ ಇದೆ. ಇಷ್ಟಕ್ಕಾಗಿ ಒಡವೆ ಇಡುವುದು ನನಗಂತೂ ಸರಿ ಕಾಣುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ರಿಯಾಯಿತಿ ಖಂಡಿತ ತಗೊಳ್ಳಿ. ಇಲ್ಲದಿದ್ದರೆ ಬಿಟ್ಟುಬಿಡಿ. ಕೆಲವು ವರ್ಷ ರಿಯಾಯಿತಿಯ ಗಡುವು ವಿಸ್ತರಣೆ ಆಗಿದೆ, 2024ರಲ್ಲಿ ಜುಲೈವರೆಗೂ ಹೋಗಿತ್ತು. ಆದರೆ ಅದನ್ನೇ ನಂಬಿ ಕೂರುವಂತಿಲ್ಲ.

ಎರಡು ಕಂತು ಮಾಡಿ

ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ವರ್ಷದ ತೆರಿಗೆಯನ್ನು ಎರಡು ಅರ್ಧವಾಗಿ ಕಟ್ಟಬಹುದು. ಬೆಂಗಳೂರಿನಲ್ಲಿ ಮೊದಲ ಕಂತಿಗೆ ಮೇ 30, ಎರಡನೆಯದಕ್ಕೆ ನವೆಂಬರ್ 29 ಗಡುವು ಇಟ್ಟುಕೊಂಡು ಬಂದಿದ್ದಾರೆ. ಈ ವರ್ಷದ ದಿನಾಂಕವನ್ನು ಪಾಲಿಕೆಯ ತೆರಿಗೆ ಪೋರ್ಟಲ್‌ನಲ್ಲಿ ಒಮ್ಮೆ ನೋಡಿ. ಕಂತಿಗೆ ರಿಯಾಯಿತಿ ಇಲ್ಲ, ಗಡುವಿನೊಳಗೆ ಕಟ್ಟಿದರೆ ಬಡ್ಡಿಯೂ ಇಲ್ಲ.

ಗಡುವು ತಪ್ಪಿತು ಅಂತ ಗಾಬರಿಯಾಗಿ ಮೀಟರ್ ಬಡ್ಡಿಯವರ ಹತ್ತಿರ ಓಡಬೇಡಿ. ಪಾಲಿಕೆಯ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ಅಂತ ಹಿಡಿದರೂ 4,800ಕ್ಕೆ 96 ರೂಪಾಯಿ. ಮೇಲೆ ಹೇಳಿದ ಕೈಸಾಲಕ್ಕಿಂತ ಅದೇ ಕಡಿಮೆ. ಒಂದೆರಡು ತಿಂಗಳು ತಡವಾದರೂ ಸರಿ, ಅದೇ ವರ್ಷದೊಳಗೆ ಮುಗಿಸಿ.

ತಿಂಗಳಿಗೆ ಇಷ್ಟು ಅಂತ ಎತ್ತಿಡಿ

9,600 ಅಂದರೆ ತಿಂಗಳಿಗೆ 800. ಕರೆಂಟ್ ಬಿಲ್, ಹಾಲಿನ ಬಾಬ್ತು ಬರೆಯುವ ಪುಸ್ತಕದಲ್ಲೇ ಇದಕ್ಕೂ ಒಂದು ಸಾಲು ಬರೆಯಿರಿ. ಬ್ಯಾಂಕಿನಲ್ಲಿ ಆರು ತಿಂಗಳ ಅಥವಾ ಒಂದು ವರ್ಷದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿಸಬಹುದು. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಈ ಕೆಲಸಕ್ಕೆ ಹೊಂದುವುದಿಲ್ಲ. ಚೀಟಿ ಹಾಕುವವರು ಏಪ್ರಿಲ್ ಅಥವಾ ನವೆಂಬರ್ ಹೊತ್ತಿಗೆ ಎತ್ತುವಂತೆ ನೋಡಿಕೊಳ್ಳಿ. ಮಹಡಿ ಬಾಡಿಗೆ ಬರುವ ಮನೆಯಾದರೆ ಆ ಬಾಡಿಗೆಯಿಂದಲೇ ತೆಗೆದಿಡಿ. ನೀವು ಆದಾಯ ತೆರಿಗೆ ಕಟ್ಟುವವರಾದರೆ, ಬಾಡಿಗೆಗೆ ಕೊಟ್ಟ ಭಾಗಕ್ಕೆ ಆ ವರ್ಷ ಕಟ್ಟಿದ ಕಂದಾಯವನ್ನು ಬಾಡಿಗೆ ಆದಾಯದಲ್ಲಿ ಕಳೆಯಬಹುದು. ಸ್ವಂತ ವಾಸದ ಭಾಗಕ್ಕೆ ಈ ಅನುಕೂಲ ಇಲ್ಲ.

ಈಗಾಗಲೇ ಬಾಕಿ ಇದ್ದರೆ

ವರ್ಷ ದಾಟಿದ ಬಾಕಿಯ ಕಥೆಯೇ ಬೇರೆ. ಬರೀ ಬಡ್ಡಿ ಅಲ್ಲ, ದಂಡವೂ ಬೀಳುತ್ತದೆ. ಆ ದಂಡ ಬಾಕಿ ಮೊತ್ತದಷ್ಟೇ ಆಗಬಹುದು. ಅದಕ್ಕೂ ಮುಂದೆ ಹೋದರೆ ನೋಟಿಸ್, ಜಪ್ತಿ. ಖಾತಾ ಕೆಲಸ, ಮನೆ ಮೇಲಿನ ಸಾಲ, ಮಾರಾಟ ಎಲ್ಲದಕ್ಕೂ ತೊಡಕು.

ಮೊದಲು ಪೋರ್ಟಲ್‌ನಲ್ಲಿ ಯಾವ ಯಾವ ವರ್ಷದ್ದು ಎಷ್ಟು ಬಾಕಿ ಅಂತ ತೆಗೆದು ಬರೆದುಕೊಳ್ಳಿ. ಹಳೇ ರಸೀದಿಗಳನ್ನು ಹುಡುಕಿ ತಾಳೆ ನೋಡಿ. ಕಟ್ಟಿದ ವರ್ಷವೂ ಬಾಕಿ ಅಂತ ತೋರಿಸುತ್ತಿದ್ದರೆ ರಸೀದಿಯ ನಕಲು ಕೊಟ್ಟು ಅರ್ಜಿ ಬರೆದು, ಸ್ವೀಕೃತಿ ಪಡೆಯಿರಿ. ಬಾಕಿ ನಿಜವಾಗಿದ್ದರೆ ಸಾಲ ಮಾಡುವುದರಲ್ಲಿ ಅರ್ಥವಿರುವುದು ಇಲ್ಲಿ ಮಾತ್ರ, ಅದೂ ಕಡಿಮೆ ಬಡ್ಡಿಯದು. ಸ್ತ್ರೀಶಕ್ತಿ ಸಂಘದಲ್ಲೋ ಸಹಕಾರ ಸಂಘದಲ್ಲೋ ಮೊದಲು ಕೇಳಿ. 2024ರಲ್ಲಿ ಒಂದು ಸಲದ ತೀರುವಳಿ ಯೋಜನೆ ತಂದು ಬಡ್ಡಿ ಪೂರ್ತಿ ಬಿಟ್ಟು, ದಂಡ ಅರ್ಧಕ್ಕೆ ಇಳಿಸಿದ್ದರು. ಅದು ನವೆಂಬರ್ 30ಕ್ಕೆ ಮುಗಿಯಿತು. ಮತ್ತೆ ಅಂಥದ್ದು ಬಂದರೆ ಬಿಡಬೇಡಿ. ಬರುತ್ತದೆ ಅಂತ ಕಾಯುತ್ತಾ ಬಾಕಿ ಬೆಳೆಸಲೂಬೇಡಿ.

ಬೆಂಗಳೂರಿನ ಹೊರಗಿದ್ದರೆ

ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಲೆಕ್ಕದ ರೀತಿ ಬೇರೆ. ಅಲ್ಲಿ 2021-22ರಿಂದ ಮಾರ್ಗಸೂಚಿ ಬೆಲೆಯ, ಅಂದರೆ ಆಸ್ತಿಗೆ ಸರ್ಕಾರ ಗೊತ್ತು ಮಾಡಿದ ಬೆಲೆಯ ಮೇಲೆ ತೆರಿಗೆ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಅಲ್ಲೂ ಇದೆ. ಗಡುವು ದಾಟಿದರೆ ತಿಂಗಳಿಗೆ ಶೇ 2 ಬೀಳುತ್ತದೆ.

ಕಟ್ಟುವಾಗ

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಿವೆ. ಎಆರ್‌ಒ ಕಚೇರಿಗೆ ಹೋಗುವ ಮೊದಲು ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ತಿಳಿದುಕೊಳ್ಳಿ. ಹಳೇ ರಸೀದಿಯಲ್ಲಿರುವ ಅರ್ಜಿ ಸಂಖ್ಯೆ ಅಥವಾ ಪಿಐಡಿ (ಆಸ್ತಿಯ ಗುರುತಿನ ಸಂಖ್ಯೆ) ಇದ್ದರೆ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಕಟ್ಟಬಹುದು. ಅಪ್ಪ ಅಮ್ಮನ ಮನೆಯ ಕಂದಾಯವನ್ನು ದೂರದ ಊರಲ್ಲಿರುವ ಮಕ್ಕಳೇ ಕಟ್ಟಿಬಿಡಬಹುದು, ಅಲ್ವಾ? ಮೊಬೈಲ್ ಬಳಸಲು ಬಾರದವರಿಗೆ ಬೆಂಗಳೂರು ಒನ್ ಕೇಂದ್ರಗಳಿವೆ. ಕಟ್ಟಿಕೊಡುತ್ತೇನೆ ಎನ್ನುವವರ ಕೈಗೆ ನಗದು ಕೊಡಬೇಡಿ. ಖಾತೆಯಿಂದ ದುಡ್ಡು ಹೋಗಿ ರಸೀದಿ ಬರದಿದ್ದರೆ ತಕ್ಷಣ ಮತ್ತೊಮ್ಮೆ ಕಟ್ಟಬೇಡಿ. ಒಂದೆರಡು ದಿನ ಕಾದು ಪೋರ್ಟಲ್‌ನಲ್ಲಿ ಪಾವತಿ ಸ್ಥಿತಿ ನೋಡಿ. ರಸೀದಿ ಬಂದ ಮೇಲೆ ಎರಡು ಪ್ರತಿ ತೆಗೆಸಿ, ಒಂದನ್ನು ಕ್ರಯಪತ್ರದ ಜೊತೆಗೇ ಇಡಿ.