ಕಡೂರಿನ ಹೊಲದಲ್ಲಿ ಗುಂಡಿ, ಕೈಯಲ್ಲಿ ಗ್ರಾಮ ನಕ್ಷೆ: ಸುಜಲಾ ಮಣ್ಣು ಸಮೀಕ್ಷೆ ಮಾಡಿದ ಬಗೆ

ಸುಜಲಾ-3, ಅಂದರೆ ರಾಜ್ಯದ ಜಲಾನಯನ ಅಭಿವೃದ್ಧಿ ಯೋಜನೆ, ಅಂದ ಕೂಡಲೇ ಜನ ವಿಶ್ವ ಬ್ಯಾಂಕಿನ ದುಡ್ಡಿನ ಮಾತು ತೆಗೆಯುತ್ತಾರೆ. ದುಡ್ಡು ಬಂದದ್ದು ನಿಜ. 2012ರಲ್ಲಿ ಮಂಜೂರಾದ ಸಾಲ 6 ಕೋಟಿ ಡಾಲರ್, ಮೇಲೆ ರಾಜ್ಯದ ಪಾಲು. ಚಿಕ್ಕಮಗಳೂರೂ ಸೇರಿ 11 ಜಿಲ್ಲೆ. ಸಾಲದ ಕರಾರು ಕೇಂದ್ರ ಸರ್ಕಾರದ್ದು, ಕೆಲಸ ರಾಜ್ಯದ ಜಲಾನಯನ ಅಭಿವೃದ್ಧಿ ಇಲಾಖೆಯದು. ಮಣ್ಣಿನ ವಿಚಾರಕ್ಕೆ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆ ಮತ್ತು ಕೃಷಿ ವಿಶ್ವವಿದ್ಯಾಲಯಗಳು, ನೀರಿನ ಲೆಕ್ಕಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ. ಆದರೆ ಈ ಕೂಟಕ್ಕೆ ರಾಜ್ಯ ಸರ್ಕಾರ ತಂದ ದೊಡ್ಡ ಬಂಡವಾಳ, ಸಮೀಕ್ಷೆ ಮಾಡಿದ ನಮ್ಮ ಲೆಕ್ಕದಲ್ಲಿ, ಸರ್ವೆ ನಂಬರು. ಉಪಗ್ರಹ ಚಿತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು. ಯಾವ ಮಣ್ಣು ಯಾರ ಹೊಲದಲ್ಲಿದೆ ಎನ್ನುವುದಕ್ಕೆ ಕಂದಾಯದ ಗ್ರಾಮ ನಕ್ಷೆಯೇ ಬೇಕು.

ಆ ನಕ್ಷೆ ಮೈಲಿಗೆ 8 ಇಂಚಿನ ಅಳತೆಯದು, ಅಂದರೆ 1:7920. ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಇಟ್ಟರೆ ಸುಮ್ಮನೆ ಕೂರುವುದಿಲ್ಲ. ಕಾಗದ ಮಡಿಕೆ ಬಿದ್ದಿರುತ್ತದೆ, ಹಿಗ್ಗಿರುತ್ತದೆ. ಹಾಳೆಯಲ್ಲಿ 1 ಮಿ.ಮೀ. ಜಾರಿದರೆ ನೆಲದಲ್ಲಿ ಸುಮಾರು 8 ಮೀಟರ್; ಸಣ್ಣ ಹಿಸ್ಸೆಯಾದರೆ ಅಷ್ಟಕ್ಕೇ ಪಕ್ಕದವರ ಹೊಲಕ್ಕೆ ಹೋದ ಹಾಗೆ. ಮೂರು ಊರಿನ ಗಡಿ ಸೇರುವ ಕಲ್ಲು, ಕೆರೆ ಏರಿಯ ತುದಿ, ಹಳೇ ಬಂಡಿದಾರಿಗಳು ಕೂಡುವ ಜಾಗ, ಇಂಥವನ್ನು ಹಿಡಿದು ನಕ್ಷೆ ಕೂರಿಸಬೇಕು. ಡಾಂಬರು ರಸ್ತೆಯನ್ನು ನಂಬಬೇಡಿ, ಅಗಲ ಮಾಡುವಾಗ ಪಕ್ಕಕ್ಕೆ ಸರಿದಿರುತ್ತದೆ. ಹೂತುಹೋದ ಬಾಂದು ಕಲ್ಲು ತೋರಿಸುವುದರಲ್ಲಿ ಊರಿನ ಹಳೇ ತಳವಾರರ ಮುಂದೆ ಜಿಪಿಎಸ್ ಏನೂ ಅಲ್ಲ. ಇನ್ನು ಪಹಣಿಯಲ್ಲಿ ಹಿಸ್ಸೆ ಬಂದಿದ್ದು ಪೋಡಿ (ಅಳೆದು ಬೇರೆ ಮಾಡುವುದು) ಆಗಿರದಿದ್ದರೆ ನಕ್ಷೆಯಲ್ಲಿ ಗೆರೆಯೇ ಇರುವುದಿಲ್ಲ. ಅಲ್ಲಿ ಇಡೀ ನಂಬರು ಒಂದೇ ತುಂಡು ಎಂದು ಬರೆದು ಮುಂದೆ ಹೋಗುವುದೇ ಸರಿ.

ಒಂದು ಕಿರು ಜಲಾನಯನ, ಅಂದರೆ ಮಳೆ ನೀರು ಒಂದೇ ಹಳ್ಳಕ್ಕೆ ಹರಿಯುವ ಪ್ರದೇಶ, ಹೆಚ್ಚುಕಡಿಮೆ 500 ಹೆಕ್ಟೇರ್. ದಿಣ್ಣೆಯ ನೆತ್ತಿಯಿಂದ ಹಳ್ಳದವರೆಗೆ ಸಾಲು ಹಿಡಿದು, ಇಳಿಜಾರು ಬದಲಾದ ಕಡೆಯೆಲ್ಲ ಗುಂಡಿ. ಆಳ 2 ಮೀಟರ್, ಇಲ್ಲವೇ ಬಂಡೆ ಸಿಗುವ ತನಕ. ಕಡೂರಿನ ಕೆಂಪು ದಿಣ್ಣೆಗಳಲ್ಲಿ 2 ಮೀಟರಿನ ಮಾತೇ ಬೇಡ, ಮೊಣಕಾಲುದ್ದಕ್ಕೆ ಪಿಕಾಸಿ ಠಣ್ ಅನ್ನುತ್ತದೆ. ಬಿಸಿಲು ಬೀಳುವ ಗೋಡೆಯ ಕಡೆ ಮಣ್ಣು ಎಸೆಯಬಾರದು, ಆ ಅಂಚನ್ನು ತುಳಿಯಲೂ ಬಾರದು. ಆ ಗೋಡೆಯನ್ನು ಚಾಕುವಿನಿಂದ ಕೆರೆದರೆ ಪದರ ಕಾಣುತ್ತದೆ. ಪ್ರತಿ ಪದರದ ಮಣ್ಣನ್ನೂ ಒದ್ದೆ ಮಾಡಿ ಹೆಬ್ಬೆರಳಿನಲ್ಲಿ ಒತ್ತಿ ಪಟ್ಟಿ ಎಳೆಯಬೇಕು. ಪಟ್ಟಿ ಉದ್ದ ಬಂದಷ್ಟೂ ಜೇಡಿ ಹೆಚ್ಚು. ತಿಳಿಯಾದ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ನೊರೆ ಬಂದರೆ ಸುಣ್ಣ ಇದೆ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ: ಗರಸಿನ (ಪುಡಿಗಲ್ಲಿನ) ಪದರ ಸಿಕ್ಕ ಕೂಡಲೇ ಬಂಡೆ ಅಂದುಕೊಂಡು ನಿಲ್ಲಿಸುವುದು. ಕಲ್ಲಿನ ಸಂದಿಯಲ್ಲಿ ಬೇರು ಇಳಿದಿದ್ದರೆ ಇನ್ನೂ ಅಗೆಯಬೇಕು. 25, 50, 75, 100, 150 ಸೆಂ.ಮೀ.ಗೆ ಆಳದ ವರ್ಗ ಬದಲಾಗುತ್ತದೆ. ಆಳುಗಳು ಸುಸ್ತಾದರು ಅಂತ 45ಕ್ಕೆ ನಿಲ್ಲಿಸಿದ ಗುಂಡಿ, ತೊಗರಿ ಬೆಳೆಯಬಹುದಾದ ಹೊಲವನ್ನು ಬರೀ ಹುರುಳಿಯ ಹೊಲ ಮಾಡಿಬಿಡುತ್ತದೆ.

ಫಲವತ್ತತೆಯ ಮಾದರಿಗೆ ಬೇರೆ ಲೆಕ್ಕ. 320 ಮೀಟರಿನ ಚೌಕ, ಅಂದರೆ ಸುಮಾರು 10 ಹೆಕ್ಟೇರಿಗೆ ಒಂದು. ಒಂದು ಕಿರು ಜಲಾನಯನಕ್ಕೆ 50ರ ಸುತ್ತಮುತ್ತ. ಬಿಂದು ತಿಪ್ಪೆಯ ಪಕ್ಕ, ಮರದಡಿ ಅಥವಾ ಹೊಸದಾಗಿ ಕೆರೆಗೋಡು ಹೊಡೆಸಿದ ಹೊಲದಲ್ಲಿ ಬಿದ್ದರೆ ಆಚೆ ಸರಿದು ತೆಗೆದು, ಸರಿದದ್ದನ್ನು ಬರೆದಿಡಬೇಕು. 15 ಸೆಂ.ಮೀ. ಆಳದ ವಿ ಆಕಾರದ ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕೆತ್ತಿ, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕೆ.ಜಿ.ಗೆ ಇಳಿಸಿ ನೆರಳಲ್ಲಿ ಒಣಗಿಸಬೇಕು. ಸತು ಲೇಪದ ಬಕೆಟ್ ಬೇಡವೇ ಬೇಡ. ಸತುವಿನ ಕೊರತೆಯ ಗೆರೆ ಇರುವುದೇ 0.6 ಪಿಪಿಎಂನಲ್ಲಿ (ಹತ್ತು ಲಕ್ಷ ಪಾಲಿಗೆ 0.6 ಪಾಲು), ಬಕೆಟ್ಟಿನ ಉಜ್ಜು ಸಾಕು, ಕೊರತೆ ಮಾಯ! ಚೀಟಿ ಪೆನ್ಸಿಲಿನಲ್ಲಿರಲಿ, ಪೆನ್ನಿನ ಶಾಯಿ ಹಸಿಗೆ ಕದಡುತ್ತದೆ.

ನಕ್ಷೆಯಲ್ಲಿ ಕೊನೆಗೆ ಉಳಿಯುವುದು ಸಂಕೇತ. ‘ಎಚ್ ಬಿ 2 ಜಿ 1’ ಅಂದರೆ ಮರಳುಮಿಶ್ರಿತ ಜೇಡಿ ಗೋಡು, ಶೇ. 1ರಿಂದ 3 ಇಳಿಜಾರು, ಮಧ್ಯಮ ಸವಕಳಿ, ಶೇ. 15ರಿಂದ 35 ಗರಸು. ಬದು ಎಲ್ಲಿ, ಎಂಥದ್ದು ಎಂದು ತೀರ್ಮಾನ ಆಗುವುದು ಇದರ ಮೇಲೆ. ಕೆಂಪು ಮಣ್ಣಿಗೆ ಸಮಪಾತಳಿ ಬದು, ಅಂದರೆ ಒಂದೇ ಎತ್ತರದ ಗೆರೆ ಹಿಡಿದು ಹಾಕಿದ ಬದು, ನಡೆಯುತ್ತದೆ. ಅದನ್ನೇ ಎರೆಗೆ (ಕಪ್ಪು ಮಣ್ಣಿಗೆ) ಹಾಕಿದರೆ ನೀರು ನಿಂತು ಬೆಳೆ ಕೊಳೆಯುತ್ತದೆ, ಬದುವೂ ಬಿರುಕು ಬಿಟ್ಟು ಒಡೆಯುತ್ತದೆ. ಅಲ್ಲಿ ಇಳಿಜಾರು ಕೊಟ್ಟು ಕೋಡಿಗೆ ನೀರು ಬಿಡಬೇಕು.

ರೈತರ ಪ್ರಶ್ನೆ ಮಾತ್ರ ಒಂದೇ: ‘ಅಡಿಕೆ ಆಗುತ್ತಾ ಸಾರ್?’ ಸಮೀಕ್ಷೆ ಆದ ಮೇಲೆ ರೈತರಿಗೆ ಕೊಡುವ ಕಾರ್ಡಿನಲ್ಲಿ ‘ಸೂಕ್ತವಲ್ಲ’ ಎಂದು ಅಚ್ಚು ಹಾಕಿ ಕೊಟ್ಟರೆ ಯಾರೂ ಒಪ್ಪುವುದಿಲ್ಲ, ಪಕ್ಕದ ತೋಟ ತೋರಿಸುತ್ತಾರೆ. ಕಾರ್ಡು ಕೈಗೆ ಬರಲು ತಿಂಗಳುಗಳೂ ಹಿಡಿಯುತ್ತವೆ. ಹಾಗಾಗಿ ಗುಂಡಿ ಮುಚ್ಚುವ ಮುಂಚೆ ಹೊಲದವರನ್ನೇ ಒಳಗೆ ಇಳಿಸಿ, ಬೇರು ಎಲ್ಲಿ ಅಡ್ಡ ತಿರುಗಿದೆ ಎಂದು ಕೈಯಿಟ್ಟು ತೋರಿಸುವುದನ್ನು ರೂಢಿ ಮಾಡಿಕೊಂಡೆವು. ಗುಂಡಿಯನ್ನಂತೂ ಅದೇ ದಿನ ಸಂಜೆಯೊಳಗೆ ಮುಚ್ಚಿಬಿಡಿ, ರಾತ್ರಿ ದನ ಬೀಳುತ್ತವೆ.