ಅಜ್ಜನ ಗಂಜಿ, ನನ್ನ ಅಳತೆ

ಉಡುಪಿಯಲ್ಲಿ ಹೊಟ್ಟೆ ಮುಂದೆ ಬಂತು ಅಂದರೆ ಸಲಹೆ ರೆಡಿ ಇರುತ್ತದೆ: ಹಿಂದಿನವರ ಊಟ ಮಾಡಿ, ಕುಚ್ಚಲಕ್ಕಿ ಗಂಜಿ ಉಣ್ಣಿ. ನಾನೂ ಅದನ್ನೇ ಮಾಡಿದೆ, ಆದರೆ ಅಜ್ಜನ ಬಟ್ಟಲಿನ ಅಳತೆ ಬಿಟ್ಟು. ಅವರು ಗದ್ದೆ ಉತ್ತು ಬಂದು ಉಣ್ಣುತ್ತಿದ್ದವರು. ನನ್ನದು ಲೆಕ್ಕ ಬರೆಯುವ ಕೆಲಸ, ದಿನವಿಡೀ ಕುರ್ಚಿ. ಕುಚ್ಚಲಕ್ಕಿಯಾಗಲಿ ಬೆಳ್ತಿಗೆ (ಬಿಳಿ ಅಕ್ಕಿ) ಆಗಲಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದೇ ಇರುತ್ತದೆ. ಕುಚ್ಚಲಕ್ಕಿ ನಿಧಾನಕ್ಕೆ ಕರಗುತ್ತದೆ, ಬೇಗ ಹಸಿವಾಗುವುದಿಲ್ಲ ಅನ್ನೋದು ನಿಜ. ಹಾಗಂತ ಗುಡ್ಡೆ ಹಾಕಿಕೊಳ್ಳೋಕೆ ಆಗಲ್ಲ ಅಲ್ವಾ?

ಹಾಗಾಗಿ ಅನ್ನ ಒಂದು ಸೌಟಿಗೆ ಇಳಿಸಿ, ಪಕ್ಕದ್ದನ್ನು ಜಾಸ್ತಿ ಮಾಡಿದೆ. ಮುಖ್ಯವಾಗಿ ಹುರುಳಿ, ನಮ್ಮ ಕುಡು. ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುತ್ತೇನೆ. ಬೇಯಿಸಿದ ನೀರು ಸಾರಿಗೆ: ಹುಳಿ, ಮೆಣಸು, ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವ ಒಗ್ಗರಣೆ. ಕಾಳು ಪಲ್ಯಕ್ಕೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಇದನ್ನು ಉಂಡರೆ ಸಂಜೆ ನಾಲ್ಕಕ್ಕೆ ಕೈ ತಾನಾಗಿ ಬೇಕರಿ ಕಡೆ ಹೋಗುವುದಿಲ್ಲ.

ಬೂತಾಯಿ, ಬಂಗುಡೆ ಮೀನು ಬಿಡಲಿಲ್ಲ. ರವಾ ಫ್ರೈ ಬದಲು ಪುಳಿಮುಂಚಿ (ಹುಳಿ-ಖಾರದ ಸಾರು), ಎಣ್ಣೆ ಒಂದೆರಡು ಚಮಚ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ತಜಂಕ್ (ಚಗಟೆ) ಸೊಪ್ಪಿನ ಪಲ್ಯ, ತಿಮರೆ (ಒಂದೆಲಗ) ಚಟ್ನಿ, ಬಸಳೆ. ಎಲ್ಲ ಹಿತ್ತಲಲ್ಲೇ ಸಿಗುತ್ತದೆ.

ಕಷ್ಟ ಆಗಿದ್ದು ಗೋಳಿಬಜೆ, ಬನ್ಸ್ ಬಿಡೋದು. ಎರಡೂ ಮೈದಾ, ಎರಡೂ ಎಣ್ಣೆಯಲ್ಲಿ ಕರಿದದ್ದು. ಉಡುಪಿ ಹೋಟೆಲಿನ ತಿಂಡಿಯೇ ಉಡುಪಿಯ ಊಟ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅಜ್ಜಿಗೆ ಅದು ಪೇಟೆಗೆ ಹೋದ ದಿನದ ಖುಷಿ ಮಾತ್ರ. ನಮಗೆ ಅದು ದಿನಾ ಬೇಕು. ಈಗ ಭಾನುವಾರಕ್ಕೆ ಇಟ್ಟಿದ್ದೇನೆ.

ಇದು ನನ್ನೊಬ್ಬನ ಪಾಡಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅತಿತೂಕದ ಹೆಂಗಸರು 2015-16ರಲ್ಲಿ ಶೇ. 23.3 ಇದ್ದರು, 2019-20ರಲ್ಲಿ ಶೇ. 30.1. ಗಂಡಸರೂ ಅಷ್ಟೇ, ಶೇ. 30 ದಾಟಿದ್ದರು.

ನಾನು ತೂಕಕ್ಕಿಂತ ಟೇಪು ನೋಡುತ್ತೇನೆ. ಭಾರತದ ಗಂಡಸರಿಗೆ ಸೊಂಟದ ಮಿತಿ 90 ಸೆಂಟಿಮೀಟರ್. ನನ್ನದು 98ರಿಂದ 92ಕ್ಕೆ ಇಳಿದು ನಿಂತಿದೆ. ಉಳಿದದ್ದು ತೆಂಗಿನಕಾಯಿ. ಸಾರು, ಪಲ್ಯಕ್ಕೆ ಅರ್ಧ ಕಾಯಿ ಸಾಕು ಅಂತ ಹೇಳಿ ನೋಡಿದೆ, ಅಮ್ಮ ಸುಮ್ನೆ ನಕ್ಕು ಪೂರ್ತಿ ತುರಿದರು.