ತೊಗಲುಗೊಂಬೆ ಮೇಳಕ್ಕೆ ಅನುದಾನ: ಅರ್ಜಿಯಿಂದ ಲೆಕ್ಕಪತ್ರದವರೆಗೆ

ನಾನು ವೃತ್ತಿಯಿಂದ ಶಾಲಾ ಮಾಸ್ತರ. ಬಿಡುವಿನ ವೇಳೆಯಲ್ಲಿ ಉತ್ತರ ಕರ್ನಾಟಕದ ಒಂದು ತೊಗಲುಗೊಂಬೆ ಮೇಳದ ಕಾಗದಪತ್ರ ನೋಡಿಕೊಳ್ಳುತ್ತೇನೆ. ಮೇಳದವರು ಶಿಳ್ಳೇಕ್ಯಾತರು. ತಲೆಮಾರುಗಳಿಂದ ಊರೂರು ಅಲೆದು ರಾಮಾಯಣ, ಮಹಾಭಾರತ ಆಡಿಸುತ್ತಾ ಬಂದವರು. ಮಳೆ ಕೈಕೊಟ್ಟ ವರ್ಷ ಮಳೆ ಬರಲೆಂದು ಊರಿನವರು ತಾವಾಗಿ ಕರೆಸಿ ಆಟ ಕಟ್ಟಿಸುತ್ತಿದ್ದ ಜನ. ಇಂಥ ಮೇಳಗಳಿಗೆ ಅನುದಾನ ಸಿಗುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿಗುತ್ತದೆ. ಆದರೆ ಹಣ ಯಾರ ಹೆಸರಿಗೆ ಬರುತ್ತದೆ, ಯಾರ ಕೈಯಿಂದ ಖರ್ಚಾಗುತ್ತದೆ ಎಂಬುದನ್ನು ಅರ್ಜಿಗೆ ಮೊದಲೇ ಗಟ್ಟಿ ಮಾಡಿಕೊಳ್ಳದಿದ್ದರೆ ಕಲೆಯ ಹೆಸರಿನಲ್ಲಿ ಬಂದದ್ದು ಬೇರೆಲ್ಲೋ ಕರಗಿಹೋಗುತ್ತದೆ.

ಹಾಗಾಗಿ ನಾವು ಸಂಘ ಕಟ್ಟುವುದರಿಂದಲೇ ಎಚ್ಚರ ವಹಿಸಿದೆವು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಸಂಘಕ್ಕೆ ಕನಿಷ್ಠ ಏಳು ಸದಸ್ಯರಿದ್ದರೆ ಸಾಕು. ವಕೀಲರನ್ನೋ ನಿವೃತ್ತ ಅಧಿಕಾರಿಗಳನ್ನೋ ಸೇರಿಸಿಕೊಳ್ಳಿ, ಕಚೇರಿಗಳಲ್ಲಿ ತೂಕ ಬರುತ್ತದೆ ಎಂದು ಬಹಳ ಮಂದಿ ಸಲಹೆ ಕೊಟ್ಟರು. ನಾವು ಏಳೂ ಮಂದಿಯನ್ನು ಮೇಳದಿಂದಲೇ ಆರಿಸಿದೆವು, ಅವರಲ್ಲಿ ಹೆಚ್ಚಿನವರು ಹೆಂಗಸರು. ನಾನು ಸದಸ್ಯನಾಗಲಿಲ್ಲ. ಅಧ್ಯಕ್ಷೆ ಮೇಳದ ಹಿರಿಯಜ್ಜಿ, ಖಜಾಂಚಿ ಅವರ ಸೊಸೆ. ಬ್ಯಾಂಕಿನ ಖಾತೆಗೆ ಇಬ್ಬರ ಸಹಿಯೂ ಬೇಕು, ಅಜ್ಜಿಯದು ಹೆಬ್ಬೆಟ್ಟು. ಪ್ರತಿ ಸಲ ಅಜ್ಜಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವುದು ತಾಪತ್ರಯ ಎಂದವರಿದ್ದಾರೆ. ಆ ತಾಪತ್ರಯವೇ ನಮಗೆ ಬೇಕಾಗಿತ್ತು. ಅವರಿಗೆ ತಿಳಿಯದೆ ಒಂದು ರೂಪಾಯಿಯೂ ಖಾತೆಯಿಂದ ಹೊರಗೆ ಹೋಗುವುದಿಲ್ಲ.

ಬೈಲಾ ಬರೆಯುವಾಗ ಒಂದು ವಿಷಯ ನೆನಪಿನಲ್ಲಿಡಿ. ಸಂಘದ ಉದ್ದೇಶಗಳಲ್ಲಿ 'ಪ್ರದರ್ಶನ ನೀಡುವುದು' ಎಂದಷ್ಟೇ ಬರೆದರೆ ಮುಂದೆ ತರಬೇತಿಗೋ ಗೊಂಬೆ ತಯಾರಿಕೆಗೋ ದಾಖಲೀಕರಣಕ್ಕೋ ಹಣ ಕೇಳುವಾಗ ತಕರಾರು ಬರುತ್ತದೆ. ಮೇಳ ಏನೇನು ಮಾಡುತ್ತದೆಯೋ ಅಷ್ಟನ್ನೂ ಮೊದಲೇ ಬರೆದುಬಿಡಬೇಕು.

ಇದೆಲ್ಲಕ್ಕಿಂತ ಹೆಚ್ಚು ಕಾಲ ನುಂಗಿದ್ದು ಹೆಸರುಗಳು. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು. ಅಡ್ಡಹೆಸರನ್ನು ಒಬ್ಬ ಗುಮಾಸ್ತರು ಒಂದು ರೀತಿ ಬರೆದರೆ ಮುಂದಿನವರು ಇನ್ನೊಂದು ರೀತಿ. ಅಲೆಮಾರಿಗಳಿಗೆ ಹುಟ್ಟಿದ ತಾರೀಖು ಎಂಬುದು ಯಾರೋ ಅಂದಾಜಿನಲ್ಲಿ ತುಂಬಿದ ಸಂಖ್ಯೆ. ವೃದ್ಧ ಕಲಾವಿದರ ನೆರವಿಗೆ ವಯಸ್ಸೇ ಮುಖ್ಯವಾದ್ದರಿಂದ ಈ ಅಂದಾಜಿನ ಸಂಖ್ಯೆ ಒಬ್ಬರ ಹೊಟ್ಟೆಪಾಡನ್ನೇ ತೀರ್ಮಾನಿಸಿಬಿಡುತ್ತದೆ. ಅರ್ಜಿಯ ಮಾತು ಆಮೇಲೆ, ಮೊದಲು ಮೇಳದ ಪ್ರತಿಯೊಬ್ಬರ ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ, ಜಾತಿ ಪ್ರಮಾಣಪತ್ರ ಈ ನಾಲ್ಕರಲ್ಲೂ ಹೆಸರು ಅಕ್ಷರಶಃ ಒಂದೇ ಆಗುವಂತೆ ತಿದ್ದಿಸಿ. ಬೇಸರ ಹಿಡಿಸುವ ಕೆಲಸ ನಿಜ, ಆದರೆ ಇದು ಮುಗಿದರೆ ಅರ್ಧ ಅನುದಾನ ಬಂದಂತೆ ಎಂದೇ ನಾನು ಹೇಳುತ್ತೇನೆ.

ಸಂಘದ ಪ್ಯಾನ್ ಮಾಡಿಸುವುದು, ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಗುರುತಿನ ಸಂಖ್ಯೆ ಪಡೆಯುವುದು, ಆದಾಯ ತೆರಿಗೆ ಇಲಾಖೆಯಲ್ಲಿ ಸಂಘಕ್ಕೂ ದಾನಿಗಳಿಗೂ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ (12ಎ, 80ಜಿ ಎಂದು ರೂಢಿಯಲ್ಲಿರುವವು), ಇವನ್ನೆಲ್ಲ ಒಳ್ಳೆಯ ಲೆಕ್ಕಪರಿಶೋಧಕರು ಮಾಡಿಸಿಕೊಡುತ್ತಾರೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಬೇಕಿದ್ದರೆ ಸಿಎಸ್‌ಆರ್-1 ನಮೂನೆಯನ್ನೂ ಸಲ್ಲಿಸಬೇಕು. ಆ ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದೆಂದು ಹೇಳುವ 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಸಾಂಪ್ರದಾಯಿಕ ಕಲೆಗಳೂ ಸೇರಿವೆ ಎಂಬುದು ಬಹಳ ಮೇಳಗಳಿಗೆ ಗೊತ್ತಿಲ್ಲ. ವಿದೇಶಿ ದೇಣಿಗೆಯ ಯೋಚನೆಯನ್ನು ಸಣ್ಣ ಸಂಘಗಳು ಸದ್ಯಕ್ಕೆ ಬಿಡುವುದೇ ಲೇಸು, ಅದರ ಕಟ್ಟುಪಾಡುಗಳು ನಮ್ಮಂಥವರ ಕೈಗೆ ಎಟುಕುವಂಥವಲ್ಲ.

ಅನೇಕ ಯೋಜನೆಗಳು ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಕೇಳುತ್ತವೆ. ಹೊಸ ಸಂಘಗಳು ಸೋತು ಕೈಬಿಡುವುದು ಇಲ್ಲೇ. ಆ ಅವಧಿಯಲ್ಲಿ ನಾವು ವ್ಯಕ್ತಿಗಳಿಗೆ ಸಿಗುವ ನೆರವಿನ ಕಡೆ ತಿರುಗಿದೆವು. ಕೇಂದ್ರ ಸಂಸ್ಕೃತಿ ಸಚಿವಾಲಯ ಅರುವತ್ತು ದಾಟಿದ, ವಾರ್ಷಿಕ ಆದಾಯ 72,000 ರೂಪಾಯಿ ಮೀರದ ಕಲಾವಿದರಿಗೆ ತಿಂಗಳಿಗೆ 6,000 ರೂಪಾಯಿವರೆಗೆ ಕೊಡುತ್ತದೆ. 18ರಿಂದ 25 ವರ್ಷದೊಳಗಿನ ಕಲಾವಿದರಿಗೆ ಎರಡು ವರ್ಷ ಕಾಲ ತಿಂಗಳಿಗೆ 5,000 ರೂಪಾಯಿ ವಿದ್ಯಾರ್ಥಿವೇತನವಿದೆ. ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಬೇರೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸರ್ಕಾರೇತರ ಸಂಸ್ಥೆ. 1995ರಿಂದ ಅನುದಾನ ಕೊಡುತ್ತಿದೆ, ವ್ಯಕ್ತಿಗಳೂ ಅರ್ಜಿ ಹಾಕಬಹುದು, ಕನ್ನಡದಲ್ಲೇ ಬರೆದು ಕಳಿಸಬಹುದು. ಇಂಗ್ಲಿಷ್ ಬಾರದು ಎಂಬ ಒಂದೇ ಕಾರಣಕ್ಕೆ ಹಿಂಜರಿಯುವವರಿಗೆ ಈ ಮಾತನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಸಂಘದ ಹೆಸರಿಗೆ ಮೊದಲು ಬಂದದ್ದು ಒಂದು ಖಾಸಗಿ ಪ್ರತಿಷ್ಠಾನದ ಹಣ. ಕೇಳಿದ್ದು ಹೊಸ ಗೊಂಬೆಗಳ ತಯಾರಿಕೆಗೆ ಮತ್ತು ಓಣಿಯ ಮಕ್ಕಳಿಗೆ ಆಡಿಸುವುದನ್ನು ಕಲಿಸುವುದಕ್ಕೆ. ನಮೂನೆಯಲ್ಲಿ 'ಸಮಸ್ಯೆಯ ವಿವರಣೆ' ಎಂಬ ಅಂಕಣವಿತ್ತು. ಅಳಿವಿನಂಚಿನ ಕಲೆ, ಉಳಿಸಿ ಬೆಳೆಸುವುದು ಎಂದೆಲ್ಲ ಬರೆಯುವುದು ರೂಢಿ. ಬರೆಯುವ ಮೊದಲು ಅಜ್ಜಿಯನ್ನು ಕೇಳಿದೆ. "ಗೊಂಬೆ ಆಡಿಸುವವರಿಗೇನೂ ಬರ ಬಂದಿಲ್ಲ ಮಾಸ್ತರರೇ, ಕರೆಸುವವರು ಕಡಿಮೆಯಾಗಿದ್ದಾರೆ. ಬೆಳತನಕ ಆಡುತ್ತಿದ್ದ ಆಟವನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಹುಡುಗರು ಏನು ಕಲಿತಾರು?" ಎಂದರು. ಅದನ್ನೇ ಬರೆದೆ. ಆ ಮಾತಿನಿಂದ ಬಜೆಟ್ಟೇ ಬದಲಾಯಿತು: ಸಭಾಂಗಣದ ಉತ್ಸವಕ್ಕೆಂದು ಯೋಚಿಸಿದ್ದ ಹಣವನ್ನು ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಆಟಗಳಿಗೆ ತಿರುಗಿಸಿದೆವು. ಮಕ್ಕಳು ಪರದೆಯ ಹಿಂದೆ ಕೂತು ಕಲಿಯುವುದಕ್ಕೆ ಆ ರಾತ್ರಿಗಳೇ ಬೇಕಿದ್ದವು.

ಬಜೆಟ್ ಬರೆಯುವ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 'ಗೊಂಬೆ ತಯಾರಿಕೆ' ಎಂದು ಒಂದೇ ಸಾಲಿನಲ್ಲಿ ಮೊತ್ತ ಬರೆದರೆ ಓದುವವರಿಗೆ ಅದು ದುಬಾರಿ ಎನಿಸುತ್ತದೆ. ನಾವು ಮೇಳದವರನ್ನು ಕೂರಿಸಿಕೊಂಡು ಕೆಲಸವನ್ನು ಬಿಡಿಸಿ ಬಿಡಿಸಿ ಬರೆದೆವು. ಆಡಿನ ತೊಗಲು ಕೊಳ್ಳುವುದು, ನೆನೆಹಾಕುವುದು, ಕೂದಲು ಮತ್ತು ಒಳಪೊರೆ ಹೆರೆಯುವುದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸುವುದು, ಬೆಳಕು ಹಾಯುವಷ್ಟು ತೆಳುವಾಯಿತೇ ಎಂದು ಬಿಸಿಲಿಗೆ ಹಿಡಿದು ನೋಡುವುದು, ರೇಖೆ ಎಳೆಯುವುದು, ಸಣ್ಣ ಉಳಿಗಳಿಂದ ಒಡವೆ, ಸೀರೆಯ ಅಂಚು, ಕಣ್ಣು ಕೊರೆಯುವುದು, ಎರಡೂ ಬದಿಗೆ ಬಣ್ಣ ಹಾಕುವುದು, ಕೈಕಾಲು ಆಡುವಂತೆ ದಾರದಿಂದ ಜೋಡಿಸುವುದು, ನಡುವೆ ಬಿದಿರ ಕಡ್ಡಿ ಕಟ್ಟುವುದು. ಪ್ರತಿಯೊಂದಕ್ಕೂ ಎಷ್ಟು ದಿನದ ಕೂಲಿ, ಅದನ್ನು ಮಾಡುವವರು ಯಾರು ಎಂದು ಎದುರಿಗೇ ಬರೆದೆವು.

ಪಟ್ಟಿ ಓದಿ ಹೇಳುವಾಗ ಒಬ್ಬ ಸೊಸೆ ಎದ್ದು ನಿಂತು, "ಹೆರೆಯುವವರು ನಾವು. ಆ ಕೂಲಿ ಯಾರ ಖಾತೆಗೆ ಹೋಗುತ್ತದೆ?" ಎಂದು ಕೇಳಿದಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ವಾಸನೆಯ ನೀರಿನಲ್ಲಿ ಕೈಯಿಟ್ಟು ತೊಗಲು ಹದ ಮಾಡುವ ಹೆಂಗಸರ ದುಡಿಮೆಗೆ ಮೇಳದೊಳಗೂ ಅಲ್ಲಿಯವರೆಗೆ ಲೆಕ್ಕವಿರಲಿಲ್ಲ. ಹೆರೆಯುವ ಕೂಲಿಗೆ ಪ್ರತ್ಯೇಕ ಸಾಲು ಬಂತು, ಹಣ ನೇರವಾಗಿ ಆ ಹೆಂಗಸರ ಖಾತೆಗಳಿಗೇ ಹೋಗಬೇಕೆಂದು ಅದೇ ದಿನ ಠರಾವಾಯಿತು. ಅನುದಾನದಿಂದ ನಮ್ಮ ಮೇಳಕ್ಕೆ ಆದ ಲಾಭಗಳಲ್ಲಿ ಇದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಕಲಾವಿದರ ಸಂಭಾವನೆಯನ್ನು ಬಜೆಟ್ಟಿನ ತುದಿಯಲ್ಲಿ ಉಳಿದಷ್ಟಕ್ಕೆ ಬರೆಯಬೇಡಿ, ಮೊದಲ ಸಾಲಿನಲ್ಲೇ ಬರೆಯಿರಿ. ತಾಲೀಮಿನ ದಿನಗಳಿಗೂ ಕೂಲಿ ಹಿಡಿಯಿರಿ. ಗೊಂಬೆಯ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹೇರುವಂತಿಲ್ಲ. ಟೆಂಪೋ ಬಾಡಿಗೆ ಹಾಕಿ. ಬ್ಯಾನರ್, ಹಾರ, ಶಾಲು, ನೆನಪಿನ ಕಾಣಿಕೆಗಳಿಗೆ ನಾವು ಒಂದು ಪೈಸೆಯನ್ನೂ ಇಟ್ಟಿಲ್ಲ.

ಹಣ ಕೊಡುವವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗಿಲ್ಲ. ಒಂದು ಕಂಪನಿಯವರು ತಮ್ಮ ಲಾಂಛನ ಹೊತ್ತ ಗೊಂಬೆಯೊಂದು ರಾಮಾಯಣದ ನಡುವೆ ಪರದೆಗೆ ಬರಲಿ ಎಂದರು. ತೀರ್ಮಾನವನ್ನು ಮೇಳಕ್ಕೇ ಬಿಟ್ಟೆ. ಕಥೆಯೊಳಗೆ ಬೇಡ, ಬೇಕಾದರೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಹಾಸ್ಯ ಆಡುವಾಗ ಕಂಪನಿಯ ಹೆಸರು ಹೇಳಿಸುತ್ತೇವೆ ಎಂದು ಅವರು ಹೇಳಿ ಕಳಿಸಿದರು. ಆ ಜೋಡಿಗೆ ಆಟದಲ್ಲಿ ಯಾವ ಮಾತನ್ನಾದರೂ ಆಡುವ ಸಲುಗೆಯಿದೆ. ಕಂಪನಿ ಒಪ್ಪಿತು. ಇನ್ನೊಬ್ಬ ಮಧ್ಯಸ್ಥರು, ಅರ್ಜಿ ಮಂಜೂರು ಮಾಡಿಸುತ್ತೇನೆ, ಬಂದದ್ದರಲ್ಲಿ ಪಾಲು ಕೊಡಿ ಎಂದು ಬಂದಿದ್ದರು. ಅವರನ್ನು ಬಾಗಿಲಿನಿಂದಲೇ ಕಳಿಸಿದೆವು. ಸಂಘದಲ್ಲಿ ಯಜಮಾನಿಕೆ ಕಲಾವಿದರದೇ ಆಗಿದ್ದರೆ ಇಂಥ ನಿರ್ಧಾರಗಳು ಕಷ್ಟವಾಗುವುದಿಲ್ಲ.

ಸರ್ಕಾರದ ಅನುದಾನದಲ್ಲಿ ಎದುರಾಗುವ ಕಷ್ಟ ಬೇರೆ. ಹಣ ಕಂತುಗಳಲ್ಲಿ ಬರುತ್ತದೆ, ಕೆಲವೊಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಬರುತ್ತದೆ. ದಿನಗೂಲಿಯ ಮೇಲೆ ಬದುಕುವ ಜನ ಕೈಯಿಂದ ಹಾಕಿ ಕಾಯಲಾರರು. ಬಡ್ಡಿಗೆ ಸಾಲ ತಂದು ಆಟ ಕಟ್ಟಬಾರದು ಎಂಬುದು ನಮ್ಮ ಕಟ್ಟುನಿಟ್ಟು. ಅದಕ್ಕಾಗಿ ಪ್ರತಿ ಆಟದ ಸಂಪಾದನೆಯಲ್ಲಿ ಒಂದು ಸಣ್ಣ ಭಾಗವನ್ನು ಸಂಘದ ಖಾತೆಯಲ್ಲೇ ಉಳಿಸುತ್ತಾ ಬಂದೆವು. ಕಲಾವಿದರ ಸಂಭಾವನೆಯನ್ನು ಅದರಿಂದ ಆಟದ ದಿನವೇ ಕೊಡುತ್ತೇವೆ. ಟೆಂಪೋದವರು, ಮೈಕಿನವರು ಮಾತ್ರ ಕಂತು ಬರುವವರೆಗೆ ತಡೆದುಕೊಳ್ಳಲು ಒಪ್ಪಿದ್ದಾರೆ.

ಲೆಕ್ಕ ಒಪ್ಪಿಸುವುದಕ್ಕೆ ಹೆದರಬೇಕಾಗಿಲ್ಲ. ಕೇಂದ್ರದ ಅನುದಾನಕ್ಕೆ ಹಣ ಬಳಕೆ ಪ್ರಮಾಣಪತ್ರವನ್ನು ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಕೊಡಬೇಕು. ತೊಗಲು ಮಾರುವವರು ಬಿಲ್ಲು ಕೊಡುವುದಿಲ್ಲ. ಅವರ ಹೆಸರು, ಊರು, ಮೊಬೈಲ್ ಸಂಖ್ಯೆ, ಎಷ್ಟು ತೊಗಲು, ಎಷ್ಟು ಹಣ ಎಂದು ವೋಚರ್ ಬರೆದು ಅಲ್ಲೇ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಿ. ರಸೀದಿಯ ಮೊತ್ತ 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಬೇಕು. ತಾರೀಖು ಕಾಣುವ ಫೋಟೋಗಳನ್ನು ಅದೇ ರಾತ್ರಿ ತೆಗೆದಿಟ್ಟುಕೊಳ್ಳಿ, ವರ್ಷದ ಕೊನೆಗೆ ಹುಡುಕಿದರೆ ಸಿಗುವುದಿಲ್ಲ. ಇಲಾಖೆಗೆ ಕಳಿಸುವ ಮೊದಲು ಇಡೀ ಲೆಕ್ಕವನ್ನು ಓಣಿಯಲ್ಲಿ ಗಟ್ಟಿಯಾಗಿ ಓದುತ್ತೇವೆ. ಅಕ್ಷರ ಬಾರದವರೇ ಅಲ್ಲಿ ಹೆಚ್ಚು ಪ್ರಶ್ನೆ ಕೇಳುತ್ತಾರೆ, ಅವರಿಗೆ ಪ್ರತಿ ಆಟದ ರಾತ್ರಿ ಯಾರು ಬಂದಿದ್ದರು, ಏನು ತಿಂದೆವು ಎಂಬುದೂ ನೆನಪಿರುತ್ತದೆ.

ಪರಿಶಿಷ್ಟ ಜಾತಿ, ಪಂಗಡಗಳ ಕಲಾವಿದರು ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಗೆ ಹೋಗಿ, ವಿಶೇಷ ಘಟಕ ಮತ್ತು ಗಿರಿಜನ ಉಪಯೋಜನೆಗಳಡಿ ಈ ವರ್ಷ ಏನೇನು ಕಾರ್ಯಕ್ರಮಗಳಿವೆ ಎಂದು ಕೇಳಿ. ಇದಕ್ಕೆ ಪರಿಶಿಷ್ಟರಿಗಾಗಿ ಬಜೆಟ್ಟಿನಲ್ಲಿ ಹಣ ಮೀಸಲಿಡುವ 2013ರ ರಾಜ್ಯ ಕಾಯ್ದೆಯ ಬೆಂಬಲವಿದೆ, ಅಂಗಲಾಚಬೇಕಾದ ವಿಷಯವಲ್ಲ. ನಮ್ಮ ಕಡೆಯ ಕಚೇರಿಗಳಲ್ಲಿ ಮೊದಲೆಲ್ಲ ಈ ಕಲೆ ಯಾವುದು ಎಂದು ವಿವರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದ ಮೇಲೆ ಕುರ್ಚಿ ತೋರಿಸಿ ಕೂರಿ ಎನ್ನುತ್ತಾರೆ.

ಈಗ ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆಯ ನೆರವಿಗೆ ಸಿದ್ಧತೆ ನಡೆದಿದೆ. ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ 2,000ದಿಂದ 10,000 ರೂಪಾಯಿವರೆಗೆ ಕೊಡುವ ಯೋಜನೆ ಅದು. ಮಂಜೂರಾದರೆ ಕಬ್ಬು ಕಡಿಯಲು ವಲಸೆ ಹೋಗುವ ಹುಡುಗರಲ್ಲಿ ಕೆಲವರಾದರೂ ಊರಲ್ಲಿ ಉಳಿದು ಕಲಿಯಬಹುದು. ಈ ಸಲ ಅರ್ಜಿ ಬರೆಯುತ್ತಿರುವವಳು ಅಜ್ಜಿಯ ಮೊಮ್ಮಗಳು, ಪಿಯುಸಿ ಮುಗಿಸಿದವಳು. ನಾನು ಕೂಡಿಸಿ ಕಳೆದ ಅಂಕಿಗಳನ್ನಷ್ಟೇ ನೋಡಿಕೊಡುತ್ತಿದ್ದೇನೆ.